ಮೂರು ಗ್ಲಾಸಿನಲ್ಲಿ ಬೇರೆ ಯಾವುದು

ಮಾರ್ಚ್ 2, ಸೋಮವಾರ

ದಿನಚರಿ ಬರೆಯುವ ಪೈಕಿ ಅಲ್ಲ ನಾನು. ನನಗೆ ಏನಾದರೂ ಅನ್ನಿಸಿದರೆ ಹತ್ತು ಸೆಕೆಂಡಿನಲ್ಲಿ ಅದು ಗ್ರೂಪಿನಲ್ಲಿರುತ್ತದೆ, ಹನ್ನೊಂದನೇ ಸೆಕೆಂಡಿಗೆ ಯಾರಾದರೂ ಬೆಂಕಿ ಚಿತ್ರ ಹಾಕಿರುತ್ತಾರೆ. ಆದರೆ ಇವತ್ತು ಬಿಯರ್ ಕಾರ್ಖಾನೆಯ ಲ್ಯಾಬ್ ಮೇಡಂ ನನ್ನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅಲ್ಲಿ ಕುಡಿದದ್ದು, ಮೂಸಿದ್ದು, ಕೇಳಿದ್ದು ಯಾವ ಗ್ರೂಪಿಗೂ ಹೋಗಕೂಡದಂತೆ. ಸಹಿ ಹಾಕಿ ಹೊರಗೆ ಬಂದ ನಾಲ್ಕನೇ ನಿಮಿಷಕ್ಕೆ ಹೊಟ್ಟೆ ಉಬ್ಬರಿಸಿದ ಹಾಗಾಯಿತು. ಅದಕ್ಕೇ ಈ ನೋಟ್‌ಬುಕ್ ತಂದೆ. ಇದಕ್ಕೆ ಹೇಳಿದರೆ ಬೆಂಕಿ ಬರುವುದಿಲ್ಲ. ಇರಲಿ.

ವಿಷಯ ಇಷ್ಟು. ನಮ್ಮ ಹಿಂದಿನ ಬೀದಿಯ ಸಣ್ಣ ಬಿಯರ್ ಕಾರ್ಖಾನೆಯವರು ರುಚಿ ನೋಡುವ ತಂಡಕ್ಕೆ ಇಬ್ಬರನ್ನು ಹುಡುಕುತ್ತಿದ್ದಾರೆ. ಅರ್ಜಿ ಹಾಕಿದವರಲ್ಲಿ ಐದು ಜನರನ್ನು ಕರೆದಿದ್ದಾರೆ, ಅದರಲ್ಲಿ ನಾನೊಬ್ಬ! ಮಂಗಳವಾರ ಒಂದು, ಶುಕ್ರವಾರ ಒಂದು, ಒಟ್ಟು ಎಂಟು ಪರೀಕ್ಷೆ. ಪ್ರತಿ ಸಲ ನಂಬರ್ ಹಾಕಿದ ಮೂರು ಕಪ್ಪು ಗ್ಲಾಸು ಕೊಡುತ್ತಾರೆ. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಚೀಟಿಯಲ್ಲಿ ಟಿಕ್ ಹಾಕಿ ಕಾರಣ ಬರೆಯಬೇಕು. ಗೊತ್ತಾಗದಿದ್ದರೆ ಒಂದಕ್ಕೆ ಟಿಕ್ ಹಾಕಿ ಕಾರಣದ ಜಾಗದಲ್ಲಿ 'ಊಹೆ' ಅಂತ ಬರೆಯಬೇಕು, ಆಗ ಉತ್ತರ ಸರಿಯಿದ್ದರೂ ಲೆಕ್ಕಕ್ಕಿಲ್ಲ. ಎಂಟರಲ್ಲಿ ಐದು ಸರಿಯಾದರೆ ತಂಡದಲ್ಲಿ ಜಾಗ. ಸಂಬಳವಿಲ್ಲ. ತಿಂಗಳಿಗೊಂದು ಕೇಸ್ ಬಿಯರ್, ಕೊರಳಿಗೆ ಹೆಸರಿನ ಬಿಲ್ಲೆ. ನನಗೆ ಆ ಬಿಲ್ಲೆ ಬೇಕು.

ನಮ್ಮ 'ನೊರೆ ಬಳಗ' ಗ್ರೂಪಿನಲ್ಲಿ ನಾನೂರ ಹನ್ನೆರಡು ಜನ. ನನ್ನ ಹೆಸರು ಅಲ್ಲಿ 'ನೊರೆಮೀಸೆ'. ಅಡ್ಮಿನ್ 'ಪೀಪಾಯಿ' ಆಗಲೇ ಘೋಷಣೆ ಮಾಡಿಬಿಟ್ಟ: "ನಮ್ಮ ನೊರೆಮೀಸೆ ಒಳಗೆ ಹೋಗ್ತಿದಾನೆ! ಬಳಗದ ಮಾನ ಈಗ ಇವನ ಮೂಗಿನ ಮೇಲಿದೆ!" ಅರವತ್ತೊಂಬತ್ತು ಬೆಂಕಿ.

ಮನೆಯಲ್ಲಿ ಅಷ್ಟು ಬೆಂಕಿ ಇಲ್ಲ. ನಾನಿರುವುದು ಸೋದರಮಾವನ ಮನೆಯಲ್ಲಿ. ಕೆಳಗೆ ಅವರ ಕನ್ನಡಕದ ಅಂಗಡಿ, ಮೇಲೆ ಮನೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ.

"ಎಷ್ಟು ದಿನ ಕಣೋ ಇದು?" ಅಂದರು ಮಾವ.

"ಎಂಟು ದಿನ ಮಾವ. ಬೆಳಗ್ಗೆ ಹತ್ತಕ್ಕೆ."

"ಬೆಳಗ್ಗೆ ಹತ್ತಕ್ಕೆ ಕುಡಿಯೋ ಕೆಲಸ. ಅದಕ್ಕೆ ಪರೀಕ್ಷೆ ಬೇರೆ!"

"ಕುಡಿಯೋದಲ್ಲ ಮಾವ, ರುಚಿ ನೋಡೋದು."

"ನೋಡಪ್ಪಾ, ಪಾಸಾದ್ರೆ ವಾರಕ್ಕೆ ಎರಡು ಬೆಳಗ್ಗೆ ನಿಂದು. ಫೇಲಾದ್ರೆ ಆ ಗ್ಲಾಸಿನ ಆಸೆ ಬಿಟ್ಟು ತೆಪ್ಪಗೆ ಈ ಗ್ಲಾಸು ಉಜ್ಜಬೇಕು. ಒಪ್ಪಿಗೆನಾ?"

ಒಪ್ಪಿದೆ. ಫೇಲಾಗುವ ಮಾತೆಲ್ಲಿದೆ?

ಅತ್ತೆಗೆ ಅರ್ಥ ಮಾಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಇದು ಬೆಲ್ಜಿಯಂ ಶೈಲಿಯ ಗೋಧಿ ಬಿಯರ್, ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿರುತ್ತಾರೆ, ಆದರೆ ಇವರದು ಹೊಸ ಕಾಲದ್ದು, ಡ್ರೈ ಹಾಪ್ ಮಾಡಿದ್ದು ಅಂತ ವಿವರಿಸಿದೆ.

"ಹಂಗಂದ್ರೆ?"

"ಹಾಪ್ ಅಂತ ಒಂದು ಹೂವು ಅತ್ತೆ. ಕುದಿಯುವಾಗ ಹಾಕಿದ್ರೆ ಕಹಿ. ಎಲ್ಲಾ ತಣ್ಣಗಾಗಿ ಹುದುಗು ಬಂದ ಮೇಲೆ ಒಣಗಿದ್ದನ್ನ ಹಾಕಿ ನೆನೆಸಿದ್ರೆ ಬರೀ ಘಮ."

"ಒಲೆ ಆರಿಸಿದ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿದ ಹಾಗೆ."

"ಅದು ಅಡುಗೆ ಅತ್ತೆ. ಇದು ವಿಜ್ಞಾನ."

ಮಾರ್ಚ್ 3, ಮಂಗಳವಾರ

ಮೊದಲ ಪರೀಕ್ಷೆ. ಬಿಳಿ ಗೋಡೆಯ ಕೋಣೆ, ಐದು ಮೇಜು, ನಡುವೆ ಹಲಗೆ ಅಡ್ಡ. ಪಕ್ಕದವನ ಮುಖ ಕಾಣದ ಹಾಗೆ. ಸೆಂಟ್ ಹಾಕಿಕೊಂಡು ಬರಬಾರದು, ಕಾಫಿ ಕುಡಿದು ಬರಬಾರದು, ಮಾತಾಡಬಾರದು. ಲ್ಯಾಬ್ ಮೇಡಂ ನಗುವುದಿಲ್ಲ. ನಗಬಾರದು ಅನ್ನುವುದೂ ನಿಯಮದಲ್ಲಿದೆಯೇನೋ.

ಉಳಿದ ನಾಲ್ವರಲ್ಲಿ ಮೂರು ಜನ ಗೆಳೆಯರು. ಮೂವರಿಗೂ ಒಂದೇ ಥರದ ಟೋಪಿ, ಒಂದೇ ಥರದ ಗಡ್ಡ. ಇವರಲ್ಲೇ ಬೇರೆ ಯಾವುದು ಅಂತ ಕೇಳಿದರೂ ಹೇಳುವುದು ಕಷ್ಟ. ನಾಲ್ಕನೆಯವರು ಸಿಟಿ ಬಸ್ ಡ್ರೈವರ್. ಐವತ್ತರ ಹತ್ತಿರ. "ನೀವು ಯಾವ ಗ್ರೂಪಿನಲ್ಲಿದೀರಣ್ಣ?" ಅಂತ ಕೇಳಿದೆ. "ಓ ಪಾಸಿಟಿವ್" ಅಂದರು. ಪಾಪ.

ಬಳಗದ ಪಿನ್ ಮಾಡಿದ ಸಂದೇಶದ ಪ್ರಕಾರವೇ ಎಲ್ಲ ಮಾಡಿದೆ. ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಧಾನವಾಗಿ ಬೆಚ್ಚಗೆ ಮಾಡುವುದು. ಏಳು ಸುತ್ತು ತಿರುಗಿಸುವುದು. ಗುಟುಕು ಕುಡಿಯುವ ಮೊದಲೇ ಹತ್ತು ವಾಸನೆ ಪಟ್ಟಿ ಮಾಡುವುದು.

582: ಮಬ್ಬು ಹಳದಿ (ಕಪ್ಪು ಗ್ಲಾಸು, ಕಾಣಲಿಲ್ಲ, ಆದರೆ ಗೋಧಿ ಬಿಯರ್ ಇನ್ನೇನಿರುತ್ತದೆ). ಕಿತ್ತಳೆ ತೋಟದಲ್ಲಿ ಮುಂಜಾನೆ. ಹೊಸ ಬ್ರೆಡ್ಡಿನ ಹೊಟ್ಟೆಯೊಳಗಿನ ಬಿಸಿ. ದೂರದಲ್ಲಿ ಯಾರೋ ನಿಂಬೆ ಎಲೆ ಕಿವುಚಿದ್ದಾರೆ, ಕಿವುಚಿ ಪಶ್ಚಾತ್ತಾಪ ಪಟ್ಟಿದ್ದಾರೆ. ಹಸಿ ಹುಲ್ಲು, ಬಿಳಿ ಮೆಣಸು, ತೊಳೆದ ಹತ್ತಿ ಬಟ್ಟೆ. ನಾಲಿಗೆಯ ತುದಿಯಲ್ಲಿ ಗುಳ್ಳೆಗಳ ಕವಾಯತು.

ಇಷ್ಟು ಬರೆಯುವ ಹೊತ್ತಿಗೆ ಹನ್ನೊಂದು ನಿಮಿಷ ಆಗಿತ್ತು. ಉಳಿದ ಎರಡಕ್ಕೆ ನಾಲ್ಕೇ ನಿಮಿಷ ಉಳಿಯಿತು. ಅವೆರಡೂ ಸಪ್ಪೆ. ಬೇರೆಯದು 582 ಅಂತ ಟಿಕ್ ಹಾಕಿದೆ. ಚೀಟಿಯ ಹಿಂಭಾಗವನ್ನೂ ಬಳಸಿದೆ.

ಉತ್ತರ: 306. ತಪ್ಪು.

ಡ್ರೈವರ್ ಅಣ್ಣ ಸರಿ. ಅವರ ಕಾರಣ ಎರಡೇ ಪದ: "ಸ್ವಲ್ಪ ಹುಳಿ." ಅದೃಷ್ಟ.

ಮಾರ್ಚ್ 6, ಶುಕ್ರವಾರ

ತಪ್ಪು. ಮೇಡಂ ನನ್ನ ಚೀಟಿ ಎತ್ತಿ ನೋಡಿದರು, ತಿರುಗಿಸಿ ನೋಡಿದರು. "ಕಣ್ಣು ಮುಚ್ಚಿ ಟಿಕ್ ಹಾಕಿದ್ರೂ ಮೂರಕ್ಕೆ ಒಂದು ಸರಿಯಾಗುತ್ತೆ. ನೀವು ಕಣ್ಣು ಮುಚ್ಚಿದವರಿಗಿಂತ ಹಿಂದಿದೀರಿ" ಅಂದರು.

ಟೋಪಿಗಳು ನಕ್ಕವು. ಮೂರೂ ಒಂದೇ ಥರ.

ಮಾರ್ಚ್ 8, ಭಾನುವಾರ

ಬಳಗದಲ್ಲಿ ಒತ್ತಡ ತಡೆಯಲಾಗುತ್ತಿಲ್ಲ. ಪೀಪಾಯಿ ಬೆಳಗಿನಿಂದ ಎಂಟು ಸಲ ಕೇಳಿದ್ದಾನೆ. "ಏನು ಮಗಾ, ಬಾಯಿಗೆ ಬಿರಡೆ ಹಾಕಿದಾರಾ?" "ದೊಡ್ಡ ಮನುಷ್ಯ ಆಗ್ಬಿಟ್ಟ ನಮ್ಮ ನೊರೆಮೀಸೆ." "ಒಂದು ಸುಳಿವು ಕೊಡೋ, ನಾವೇನು ಪೇಪರಿನವರಾ?"

ನಾನು ಕರಾರು ಮುರಿದಿಲ್ಲ. ಬರೆದದ್ದು ಇಷ್ಟೇ: "ನಾನು ಏನೂ ಹೇಳುವ ಹಾಗಿಲ್ಲ. ಎರಡು ಪದ ನೆನಪಿಟ್ಟುಕೊಳ್ಳಿ. ಬ್ರೆಡ್ಡಿನ ಹೊಟ್ಟೆ. ಅಷ್ಟೇ."

ನೂರಾ ನಾಲ್ಕು ಬೆಂಕಿ. ಇದು ಸುಳಿವೇ ಅಲ್ಲ, ವಾತಾವರಣ.

ಮಾರ್ಚ್ 10, ಮಂಗಳವಾರ

ಸರಿ!!! 771!!! ಮೊದಲ ಗ್ಲಾಸೇ! ಮೂಸಿದ ತಕ್ಷಣ ಗೊತ್ತಾಯಿತು! ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು. ಮೂರರಲ್ಲಿ ಒಂದು.

ಆಮೇಲೆ ನಡೆದದ್ದು ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ. ಎಲ್ಲರೂ ಹೊರಡುವಾಗ ಮೇಡಂ, "ನೊರೆಮೀಸೆ, ನೀವು ಇರಿ" ಅಂದರು.

ನಾನು ಅರ್ಜಿಯಲ್ಲಿ ಆ ಹೆಸರು ಬರೆದಿರಲಿಲ್ಲ.

ಮೇಡಂ ಫೋನ್ ತೆಗೆದು ಕನ್ನಡಕ ಸರಿ ಮಾಡಿಕೊಂಡು ಓದಿದರು. "ಎರಡು ಪದ ನೆನಪಿಟ್ಟುಕೊಳ್ಳಿ. ಬ್ರೆಡ್ಡಿನ ಹೊಟ್ಟೆ. ಅಷ್ಟೇ." ಅವರ ದನಿಯಲ್ಲಿ ಅದು ಪೊಲೀಸ್ ದೂರಿನ ಹಾಗೆ ಕೇಳಿಸಿತು.

"ನೀವು... ಬಳಗದಲ್ಲಿದೀರಾ ಮೇಡಂ?"

"ಎರಡು ವರ್ಷದಿಂದ. 'ಖಾಲಿ ಬಾಟಲಿ'."

ಖಾಲಿ ಬಾಟಲಿ! ಒಂದು ಸಲವೂ ಬಾಯಿ ಬಿಡದ ಸದಸ್ಯ! ಸತ್ತವರ ಖಾತೆ ಇರಬೇಕು ಅಂತ ಪೀಪಾಯಿ ಎರಡು ಸಲ ತೆಗೆದುಹಾಕಲು ಹೊರಟಿದ್ದ, ನಾನೇ ತಡೆದಿದ್ದೆ.

"ಇನ್ನೊಂದು ಪದ ಬರೆದ್ರೆ ಮನೆಗೆ" ಅಂದರು. "ಮತ್ತೆ, ನಮ್ಮ ಬಿಯರಲ್ಲಿ ಬ್ರೆಡ್ಡಿನ ಹೊಟ್ಟೆ ಇಲ್ಲ."

ಮಾರ್ಚ್ 13, ಶುಕ್ರವಾರ

ತಪ್ಪು. ನಾಲ್ಕರಲ್ಲಿ ಒಂದು. ಇನ್ನು ನಾಲ್ಕಕ್ಕೆ ನಾಲ್ಕೂ ಸರಿಯಾಗಬೇಕು. ಒಂದು ತಪ್ಪಿದರೂ ಬಿಲ್ಲೆ ಇಲ್ಲ, ಬರೀ ಗಾಜು ಉಜ್ಜುವುದು.

ಮೇಡಂ ಇವತ್ತು ಬೈಯಲಿಲ್ಲ. ನನ್ನ ನಾಲ್ಕೂ ಚೀಟಿ ಮೇಜಿನ ಮೇಲೆ ಸಾಲಾಗಿ ಇಟ್ಟು, "ಏನು ಕಾಣ್ತಿದೆ?" ಅಂದರು.

"ವಿವರವಾಗಿ ಬರೆದಿದೀನಿ ಮೇಡಂ."

"ಟಿಕ್ ನೋಡಿ."

ನೋಡಿದೆ. ನಾಲ್ಕರಲ್ಲೂ ಟಿಕ್ ಎಡಗಡೆಯ ಗ್ಲಾಸಿಗೆ. ಮೊದಲ ಗ್ಲಾಸಿಗೆ.

"ಮೊದಲನೇದನ್ನ ಎಷ್ಟು ಹೊತ್ತು ಹಿಡ್ಕೋತೀರಿ?"

"ಹತ್ತು ನಿಮಿಷ. ಬೆಚ್ಚಗಾಗಲಿ ಅಂತ. ಬಳಗದ ಪಿನ್..."

"ಎರಡು ತಣ್ಣಗಿರುತ್ತೆ, ಒಂದನ್ನ ನೀವೇ ಬಿಸಿ ಮಾಡಿ, ಇದು ಬೇರೆ ಇದೆ ಅಂತ ಬರೀತಿದೀರಿ."

ಬಸ್ ಸ್ಟಾಪಿನವರೆಗೆ ಡ್ರೈವರ್ ಅಣ್ಣನ ಜೊತೆ ನಡೆದೆ. ಅವರದು ನಾಲ್ಕಕ್ಕೆ ನಾಲ್ಕೂ ಸರಿ. ಹೇಗೆ ಅಂತ ಕೇಳಿದೆ.

"ಹೇಗೂ ಇಲ್ಲ ತಮ್ಮಾ. ಬೆಳಗ್ಗೆ ಬಸ್ ಹತ್ತಿದಾಗ ಒಂದು ಉಸಿರು ತಗೋತೀನಿ. ಇಂಜಿನ್ ಸರಿ ಇಲ್ದಿದ್ರೆ ಅಲ್ಲೇ ಗೊತ್ತಾಗುತ್ತೆ. ಎರಡನೇ ಉಸಿರಿಗೆ ಮೂಗು ಒಗ್ಗಿಹೋಗುತ್ತೆ. ಮೂರನೇದಕ್ಕೆ ಅದು ನಾವು ಹೇಳಿದ್ದಕ್ಕೆಲ್ಲಾ ಹೂಂ ಅನ್ನೋಕೆ ಶುರು ಮಾಡುತ್ತೆ."

"ಆದ್ರೂ ಏನೇನು ವಾಸನೆ ಬರುತ್ತೆ ನಿಮಗೆ?"

"ಬಿಯರ್ ವಾಸನೆ."

ಮಾರ್ಚ್ 14, ಶನಿವಾರ

ಅಭ್ಯಾಸ ಮಾಡೋಣ ಅಂತ ಎರಡು ಬಾಟಲಿ ಗೋಧಿ ಬಿಯರ್ ತಂದೆ, ಬೇರೆ ಬೇರೆ ತಿಂಗಳಲ್ಲಿ ತುಂಬಿದ್ದು. ಮೂರು ಸ್ಟೀಲ್ ಲೋಟಕ್ಕೆ ಯಾರಾದರೂ ಸುರಿಯಬೇಕಲ್ಲ, ನಾನೇ ಸುರಿದರೆ ಗೊತ್ತಾಗಿಬಿಡುತ್ತದೆ. ಅತ್ತೆಯನ್ನು ಕೇಳಿದೆ.

"ನಾನು ಮುಟ್ಟಲ್ಲ ಅದನ್ನ."

"ಕುಡಿಯೋದು ಬೇಡ ಅತ್ತೆ, ಸುರಿದು ಕೊಡಿ ಸಾಕು."

ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಮುಖ ಆ ಕಡೆ ತಿರುಗಿಸಿ, ಪಟಾಕಿ ಹಿಡಿದವರ ಹಾಗೆ ಕೈ ಉದ್ದ ಮಾಡಿ ಸುರಿದರು. ನಾನು ಪಕ್ಕದ ಕೋಣೆಯಲ್ಲಿದ್ದೆ, ಮಾವ ವರದಿ ಕೊಡುತ್ತಿದ್ದರು.

ಅಂಗೈ ಮುಟ್ಟಿಸಲಿಲ್ಲ. ಆದರೂ ಎರಡು ಪುಟ ಬರೆದೆ. ನಡುವಿನ ಲೋಟ ಬೇರೆ, ಅದರಲ್ಲಿ ಹಾಪ್ ಹಳೆಯದಾಗಿದೆ, ಒಣ ರಟ್ಟಿನ ಛಾಯೆ ಇದೆ, ಕಿತ್ತಳೆ ಹಿಂದೆ ಸರಿದು ಕೊತ್ತಂಬರಿ ಬೀಜ ಮುಂದೆ ಬಂದಿದೆ. ಓದಿ ಹೇಳಿದೆ. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡರು.

"ಮೂರೂ ಒಂದೇ ಬಾಟಲಿಯಿಂದ ಹಾಕಿದ್ದು ಕಣೋ. ಇನ್ನೊಂದರ ಮುಚ್ಚಳ ತೆಗಿಯೋಕೆ ಬರಲಿಲ್ಲ ನಂಗೆ."

"ಅತ್ತೆ! ಇದು ಮೋಸ!"

"ನಾನೆಲ್ಲಿ ಮೋಸ ಮಾಡ್ದೆ? ಬೇರೆ ಇದೆ ಅಂದೋನು ನೀನು. ಒಣ ರಟ್ಟು ಅಂದೋನು ನೀನು."

ಮಾವ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಇಬ್ಬರೂ ಸೇರಿ ಊಟದ ಹೊತ್ತಿನಲ್ಲಿ ಉಪ್ಪಿನ ಡಬ್ಬಿ ನನ್ನ ಮುಂದೆ ಇಟ್ಟು, "ಇದ್ರಲ್ಲಿ ಪಶ್ಚಾತ್ತಾಪ ಎಷ್ಟಿದೆ ನೋಡಪ್ಪಾ" ಅಂದರು. ನನ್ನ ನೋಟ್‌ಬುಕ್ ಯಾರೋ ಓದುತ್ತಿದ್ದಾರೆ. ಜಾಗ ಬದಲಾಯಿಸಬೇಕು.

ಮಾರ್ಚ್ 17, ಮಂಗಳವಾರ

ಸರಿ.

ಗ್ಲಾಸನ್ನು ಕೈಯಲ್ಲಿ ಹಿಡಿಯಲಿಲ್ಲ. ಒಂದೊಂದಕ್ಕೆ ಒಂದೇ ಉಸಿರು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಒಂದರಲ್ಲಿ ಕಿತ್ತಳೆ ಕಡಿಮೆ ಇತ್ತು. ಕಾರಣ: ಕಿತ್ತಳೆ ಕಡಿಮೆ. ಚೀಟಿಯಲ್ಲಿ ತುಂಬ ಜಾಗ ಉಳಿಯಿತು, ನೋಡಲು ಒಂಥರಾ ಮುಜುಗರ.

ಐದರಲ್ಲಿ ಎರಡು.

ಮಾರ್ಚ್ 18, ಬುಧವಾರ

ಅಂಗಡಿಗೆ ವಯಸ್ಸಾದ ಟೀಚರೊಬ್ಬರು ಬಂದಿದ್ದರು. ಮಾವ ಕುರ್ಚಿಯಲ್ಲಿ ಕೂರಿಸಿ ಗಾಜು ಬದಲಾಯಿಸುತ್ತಾ, "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ?" ಅಂತ ಕೇಳುತ್ತಿದ್ದರು. ಕೊನೆಗೆ ಮಾವ ಅದೇ ಗಾಜನ್ನು ತೆಗೆದು ಅದನ್ನೇ ಹಾಕಿದರು. "ಎರಡನೇದು ಬಹಳ ಚೆನ್ನಾಗಿದೆ!" ಅಂದರು ಟೀಚರ್. ಒಳಗೆ ಕೂತು ನಕ್ಕೆ. ಅವರು ಹೋದ ಮೇಲೆ ಮಾವ ಹೇಳಿದರು: "ನಗಬೇಡ್ವೋ. ಜೀವನಪೂರ್ತಿ ಬೇರೆಯವರಿಗೆ ಪ್ರಶ್ನೆ ಕೇಳಿದವರು. ಕುರ್ಚಿಲಿ ಕೂತಾಗ ಗೊತ್ತಿಲ್ಲ ಅನ್ನೋಕೆ ಬಾಯಿ ಬರಲ್ಲ ಪಾಪ."

ಪಾಪ, ನಿಜ.

ಉಜ್ಜಿದ್ದು ಹದಿನಾಲ್ಕು ಜೊತೆ. ಒಂದೂ ಒಡೆಯಲಿಲ್ಲ.

ಮಾರ್ಚ್ 20, ಶುಕ್ರವಾರ

ಸರಿ. ಆರರಲ್ಲಿ ಮೂರು. ಕಾರಣ: ಬಲಗಡೆಯದರಲ್ಲಿ ಹಾಪ್ ಘಮ ಬೇಗ ಹೋಗುತ್ತದೆ.

ಮೇಡಂ ಓದಿ, "ಹ್ಞೂಂ" ಅಂದರು. ಹಿಂದಿನ 'ಹ್ಞೂಂ'ಗಿಂತ ಬೇರೆ ಇತ್ತು.

ಮಾರ್ಚ್ 22, ಭಾನುವಾರ

ಬಳಗದಲ್ಲಿ ಪೀಪಾಯಿ ಒಂದು ಬಿಯರಿಗೆ ಮೂವತ್ತು ಸಾಲು ಬರೆದಿದ್ದ. 'ದೇವತೆಯ ಕಂಕುಳಲ್ಲಿ ಅರಳಿದ ಏಪ್ರಿಕಾಟ್.' ಮೊದಲಾಗಿದ್ದರೆ ಬೆಂಕಿ ಹಾಕುತ್ತಿದ್ದೆ. ಕಂಕುಳಿನ ವಾಸನೆ ಇದ್ದರೆ ಬಿಯರ್ ಕೆಟ್ಟಿರಬೇಕಲ್ಲವಾ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಫೋನ್ ಮುಚ್ಚಿ ಅತ್ತೆಗೆ ಕಿತ್ತಳೆ ಸುಲಿದುಕೊಟ್ಟೆ. ಅತ್ತೆ ಈಗ ಎಲ್ಲವನ್ನೂ ಮೂಸುತ್ತಾರೆ. ಮಾವ ಅಂಗಡಿಯಿಂದ ಬಂದರೆ ಬಾಗಿಲಲ್ಲೇ ನಿಲ್ಲಿಸಿ, "ಕಡಲೆಬೀಜ. ಹುರಿದದ್ದು. ಡಾಕ್ಟರು ಬೇಡ ಅಂದಿದ್ರಲ್ರೀ" ಅನ್ನುತ್ತಾರೆ. ಈ ಮನೆಯಲ್ಲಿ ಮಾವನಿಗೆ ಉಳಿಗಾಲವಿಲ್ಲ, ಎಲ್ಲ ನನ್ನಿಂದ ಅಂತ ಮಾವನ ದೂರು.

ಮಾರ್ಚ್ 24, ಮಂಗಳವಾರ

ಸರಿ!

ಏಳರಲ್ಲಿ ನಾಲ್ಕು. ಇನ್ನೊಂದೇ ಒಂದು. ಶುಕ್ರವಾರ.

ಮಾರ್ಚ್ 25, ಬುಧವಾರ

ಬಳಗದಲ್ಲಿ ದೊಡ್ಡ ಗಲಾಟೆ. ಕಾರ್ಖಾನೆಯವರು ತಮ್ಮ ಗೋಧಿ ಬಿಯರಿಗೆ ಹಾಪ್ ಬದಲಾಯಿಸಿದ್ದಾರಂತೆ. ಹಳೆಯ ಹಾಪ್ ಸಿಗುತ್ತಿಲ್ಲವಂತೆ. ಹೊಸದು ಪಕ್ಕಾ ಪೀಚ್ ಹಣ್ಣಿನ ವಾಸನೆಯದಂತೆ. ಪೀಪಾಯಿಗೆ ಯಾರು ಹೇಳಿದರೋ. ಟೋಪಿಗಳೂ ಬಳಗದಲ್ಲಿದ್ದಾರೆ ಅಂತ ಇವತ್ತೇ ಗೊತ್ತಾದದ್ದು, ಮೂವರೂ ಒಂದೇ ಕ್ಷಣಕ್ಕೆ ಪೀಚ್ ಚಿತ್ರ ಹಾಕಿದರು.

ಪೀಪಾಯಿ ಖಾಸಗಿ ಸಂದೇಶ ಕಳಿಸಿದ: "ಮಗಾ, ಪ್ರಶ್ನೆಪತ್ರಿಕೆ ಔಟ್ ಆಗಿದೆ. ಪೀಚ್ ಅಂತ ಬರಿ, ಬಿಲ್ಲೆ ಹಾಕ್ಕೊಂಡು ಬಾ."

ಓದಬಾರದಿತ್ತು. ಈಗ ಸೋಪು ಮೂಸಿದರೂ ಪೀಚ್.

ಮಾರ್ಚ್ 27, ಶುಕ್ರವಾರ

ನಡೆದದ್ದನ್ನು ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಮೊದಲ ಸಲ ಬಿಯರ್ ಮಾಡುವವರೇ ಕೋಣೆಗೆ ಬಂದರು. ದಪ್ಪ ಮನುಷ್ಯ, ರಬ್ಬರ್ ಬೂಟು, ಕಿವಿಯಲ್ಲಿ ಹಿಟ್ಟು. ಮಾತಾಡಿ ಅಭ್ಯಾಸವಿಲ್ಲದವರ ಹಾಗೆ ಗೋಡೆ ನೋಡುತ್ತಾ ಹೇಳಿದರು: "ಇವತ್ತಿಂದು ಅಭ್ಯಾಸ ಅಲ್ಲ. ಹಳೇ ಹಾಪಿಂದು, ಹೊಸ ಹಾಪಿಂದು, ಎರಡೂ ಇದೆ. ನಿಮಗೆಲ್ಲಾ ಗೊತ್ತಾಯ್ತು ಅಂದ್ರೆ ಕುಡಿಯೋರಿಗೂ ಗೊತ್ತಾಗುತ್ತೆ. ಆಗ ಹೊಸ ಹಾಪಿನ ಟ್ಯಾಂಕು ಹಳೇ ಹೆಸರಲ್ಲಿ ಹೋಗಲ್ಲ. ಹೇಗಿದೆಯೋ ಹಾಗೆ ಬರೀರಿ." ಇಷ್ಟು ಹೇಳುವುದರೊಳಗೆ ಬೆವರಿಹೋದರು.

417, 268, 935.

ಒಂದೊಂದೇ ಉಸಿರು. ಎಡದಿಂದ ಬಲಕ್ಕೆ. ಕಿತ್ತಳೆ, ಕೊತ್ತಂಬರಿ ಬೀಜ, ಹಾಪ್. ಕಿತ್ತಳೆ, ಕೊತ್ತಂಬರಿ ಬೀಜ, ಹಾಪ್. ಕಿತ್ತಳೆ, ಕೊತ್ತಂಬರಿ ಬೀಜ, ಹಾಪ್. ಬಲದಿಂದ ಎಡಕ್ಕೆ. ಅದೇ. ಒಂದು ಗುಟುಕು, ನೀರು, ಇನ್ನೊಂದು ಗುಟುಕು. ಅದೇ. ನುಣುಪು, ಸ್ವಲ್ಪ ಸಿಹಿ, ಕೊನೆಯಲ್ಲಿ ಬಾಯಿ ಒಣಗಿದ ಹಾಗೆ. ಮೂರೂ ಚೆನ್ನಾಗಿದ್ದವು. ಅದೇ ತೊಂದರೆ.

ಪೀಚ್ ಹುಡುಕಿದೆ. ಪೀಚ್ ಅಂದುಕೊಂಡು 417 ಮೂಸಿದರೆ 417ರಲ್ಲಿ ಪೀಚ್. ಪೀಚ್ ಅಂದುಕೊಂಡು 268 ಮೂಸಿದರೆ ಅದರಲ್ಲೂ ಪೀಚ್. ಪರೀಕ್ಷೆಗೆ ಅಂತ ನನ್ನ ತೋಳು ಮೂಸಿದೆ. ಪೀಚ್.

ಹಲಗೆಯ ಆಚೆ ಟೋಪಿಗಳ ಪೆನ್ನು ಸರಸರ ಓಡುತ್ತಿತ್ತು.

935ಕ್ಕೆ ಟಿಕ್ ಹಾಕಿದೆ, ಹತ್ತಿರವಿತ್ತು ಅಂತ. ಕಾರಣದ ಜಾಗ ಖಾಲಿ. ಅಲ್ಲಿ 'ಪೀಚ್' ಅಂತ ಬರೆದರೆ ಮೂರರಲ್ಲೊಂದು ಅವಕಾಶ. 'ಊಹೆ' ಅಂತ ಬರೆದರೆ ಅವಕಾಶವೇ ಇಲ್ಲ, ಸರಿಯಿದ್ದರೂ ಇಲ್ಲ. ಚೆನ್ನಾಗಿ ಗೊತ್ತಿತ್ತು. ಮೊದಲ ದಿನವೇ ಈ ನೋಟ್‌ಬುಕ್ಕಿನಲ್ಲಿ ನಾನೇ ಬರೆದಿದ್ದೇನೆ.

ಕಿಟಕಿಯಾಚೆ ಆ ದಪ್ಪ ಮನುಷ್ಯ ಟ್ಯಾಂಕಿಗೆ ಬೆನ್ನು ಕೊಟ್ಟು ಕೈಕಟ್ಟಿ ನಿಂತಿದ್ದರು. ಆಸ್ಪತ್ರೆ ಬಾಗಿಲಲ್ಲಿ ನಿಂತವರ ಹಾಗೆ.

'ಊಹೆ. ಮೂರೂ ಒಂದೇ ಅನ್ನಿಸಿತು' ಅಂತ ಬರೆದೆ.

ಯಾಕೆ ಬರೆದೆನೋ. ಕೈಗೆ ಏನಾಗಿತ್ತೋ. ಪೆನ್ನಿನ ಇಂಕು ಆ ಕ್ಷಣಕ್ಕೆ ಮುಗಿದಿದ್ದರೆ ಬಚಾವಾಗುತ್ತಿದ್ದೆ. ಮೇಡಂ ಕೈಗೆ ಚೀಟಿ ಕೊಟ್ಟು ಓಡಿ ಬಂದೆ. ಫಲಿತಾಂಶ ಮಂಗಳವಾರ. ಫಲಿತಾಂಶ ಏನು ಮಣ್ಣು, ನನಗೆ ಈಗಲೇ ಗೊತ್ತು. ಏಳು ದಿನದ ಕಷ್ಟಕ್ಕೆ ಎಂಟನೇ ದಿನ ನಾನೇ ಕಲ್ಲು ಹಾಕಿಕೊಂಡೆ.

ಮಾರ್ಚ್ 28, ಶನಿವಾರ

ಗಾಜು ಉಜ್ಜಿದೆ.

ಮಾರ್ಚ್ 29, ಭಾನುವಾರ

ಪೀಪಾಯಿ: "ಏನಾಯ್ತು ಮಗಾ? ಪೀಚ್ ತಾನೇ?" ಮೂವತ್ತೆರಡು ಪ್ರಶ್ನೆ ಚಿಹ್ನೆ. ಉತ್ತರ ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಮಾಡಿದೆ, ಅಳಿಸಿದೆ. ಖಾಲಿ ಬಾಟಲಿ ಆನ್‌ಲೈನ್ ಅಂತ ತೋರಿಸುತ್ತಿತ್ತು. ಅದಕ್ಕೆ ಹೆದರಿ ಅಲ್ಲ. ಹೇಳುವುದಕ್ಕೇ ಏನೂ ಇರಲಿಲ್ಲ.

ಮಾವನಿಗೆ ಇನ್ನೂ ಹೇಳಿಲ್ಲ.

ಮಾರ್ಚ್ 31, ಮಂಗಳವಾರ

ಐದೂ ಜನರನ್ನು ಸಾಲಾಗಿ ಕೂರಿಸಿದರು. ಮೇಡಂ ಚೀಟಿಗಳನ್ನು ಇಸ್ಪೀಟಿನ ಹಾಗೆ ಹರವಿಟ್ಟರು.

"ಬೇರೆ ಇದ್ದದ್ದು 935" ಅಂದರು.

ನನ್ನ ಎದೆ ಒಂದು ಸಲ ಜಿಗಿಯಿತು, ಆಮೇಲೆ ನೆನಪಾಗಿ ಕೂತುಕೊಂಡಿತು.

"ಮೂರು ಜನ 417ರಲ್ಲಿ ಪೀಚ್ ಇದೆ ಅಂತ ಬರೆದಿದೀರಿ. ಮಾಗಿದ ಪೀಚ್, ರಸಭರಿತ ಪೀಚ್, ಪೀಚಿನ ಹೂವು. 417ರಲ್ಲಿದ್ದದ್ದು ಹಳೇ ಹಾಪ್. ಹೊಸದಕ್ಕೂ ಪೀಚಿಗೂ ಸಂಬಂಧ ಇಲ್ಲ. ಆ ಸುದ್ದಿ ಎಲ್ಲಿ ಹುಟ್ಟಿತೋ ನಮಗೂ ಗೊತ್ತಿಲ್ಲ." ಟೋಪಿಗಳು ಮೂರೂ ಒಂದೇ ಸಲ ಕೆಳಗೆ ಬಾಗಿದವು. ಎಣಿಸಿದರೆ ಅವರದು ನಾಲ್ಕು, ನಾಲ್ಕು, ಮೂರು. ಎದ್ದು ಹೋದರು.

ಡ್ರೈವರ್ ಅಣ್ಣನದು ಎಂಟಕ್ಕೆ ಎಂಟು. ಅವರ ಚೀಟಿ: "935, ಕಹಿ ಸ್ವಲ್ಪ ತಡವಾಗಿ ಬರುತ್ತೆ." ಬಿಲ್ಲೆ ಹಾಕಿಸಿಕೊಂಡು, "ಇದನ್ನ ಬಸ್ಸಲ್ಲೂ ಹಾಕ್ಕೋಬಹುದಾ ಮೇಡಂ?" ಅಂತ ಕೇಳಿದರು. ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಡ್ಯೂಟಿಗೆ ಓಡಿದರು.

ಉಳಿದದ್ದು ನಾನು.

"ನಿಮ್ಮದೂ 935" ಅಂದರು ಮೇಡಂ.

"ಹೌದು ಮೇಡಂ."

"ಈ ಒಂದು ಪದ ಬರೀದೆ ಹೋಗಿದ್ರೆ ಐದಾಗ್ತಿತ್ತು."

"ಹೌದು ಮೇಡಂ."

"ಈಗ ನಾಲ್ಕು. ಜಾಗ ಇಲ್ಲ. ನಿಯಮ ನಿಯಮವೇ."

"ಹೌದು ಮೇಡಂ."

"ಬೇರೇನಾದ್ರೂ ಹೇಳೋದಿದೆಯಾ?"

ಮೊದಲಾಗಿದ್ದರೆ ಏನೇನು ಹೇಳುತ್ತಿದ್ದೆನೋ. "ಟ್ಯಾಂಕು ಏನಾಯ್ತು?" ಅಂತ ಕೇಳಿದೆ.

ಮೇಡಂ ಚೀಟಿಗಳನ್ನು ಒಟ್ಟು ಮಾಡುತ್ತಾ ಹೇಳಿದರು. ಹಳೆಯ ತಂಡದವರಲ್ಲೂ ಹೆಚ್ಚಿನವರಿಗೆ ಗೊತ್ತಾಗಲಿಲ್ಲವಂತೆ. ಹಾಗಾಗಿ ಹಳೇ ಹೆಸರಲ್ಲೇ ಹೋಗುತ್ತದಂತೆ, ಲೇಬಲ್ಲಿನ ಹಿಂದೆ ಹೊಸ ಹಾಪ್ ಅಂತ ಸಣ್ಣದಾಗಿ ಅಚ್ಚು ಹಾಕಿ. ದಪ್ಪ ಮನುಷ್ಯ ನಿನ್ನೆ ಮೊದಲ ಸಲ ಸರಿಯಾಗಿ ಊಟ ಮಾಡಿದರಂತೆ.

ಬಾಗಿಲ ತನಕ ಹೋಗಿದ್ದೆ. "ನಿಲ್ಲಿ" ಅಂದರು.

"ಗ್ಲಾಸು ತುಂಬಿ ನಂಬರ್ ಹಾಕಿ ತಂದಿಡೋಕೆ ನಂಗೊಬ್ಬರು ಬೇಕು. ಈಗ ನಾನೇ ಮಾಡ್ತಿದೀನಿ, ಕೈ ಸಾಲ್ತಿಲ್ಲ. ಯಾವ ಗ್ಲಾಸಲ್ಲಿ ಏನಿದೆ ಅಂತ ಅವರೊಬ್ಬರಿಗೇ ಗೊತ್ತಿರುತ್ತೆ. ಕೂತವರು ಕದ್ದು ಕದ್ದು ಅವರ ಮುಖ ನೋಡ್ತಾರೆ. ಬಾಯಲ್ಲಂತೂ ಇಲ್ಲ, ಮುಖದಲ್ಲೂ ಏನೂ ಹೇಳಬಾರದು. ಆಗುತ್ತಾ?"

"ನನ್ನ ಕೈಲಾ ಮೇಡಂ?"

"ಮೂರು ವಾರದಿಂದ ಬಳಗದಲ್ಲಿ ನೀವು ಒಂದಕ್ಷರ ಬರೆದಿಲ್ಲ. ನಾನು ನೋಡ್ತಾನೇ ಇದೀನಿ."

ಮೂರು ವಾರವಾ? ನಾನು ಎಣಿಸಿರಲಿಲ್ಲ.

ಮಂಗಳವಾರ, ಶುಕ್ರವಾರ. ಬಿಲ್ಲೆ ಇಲ್ಲ. ಒಂದು ಏಪ್ರನ್ ಕೊಟ್ಟರು.

ದಾರಿಯುದ್ದಕ್ಕೂ ಮುಖ ಅಭ್ಯಾಸ ಮಾಡಿಕೊಂಡು ಬಂದೆ. ಅಂಗಡಿ ಗಾಜಿನಲ್ಲಿ ನೋಡಿಕೊಂಡೆ, ಪರವಾಗಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ತಟ್ಟೆ ಪಕ್ಕಕ್ಕೆ ಸರಿಸಿದರು.

"ಹೇಳೋ. ಪಾಸಾ ಫೇಲಾ?"

ನಾನು ಅನ್ನ ಕಲಸಿದೆ.

"ಫೇಲು ಕಣ್ರೀ" ಅಂದರು ಅತ್ತೆ. "ಮುಖ ನೋಡಿ, ಒಗೆದು ಹಿಂಡಿದ ಹಾಗಿದೆ."

"ಛೆ, ಪಾಸು ಕಣೇ. ಒಳಗೊಳಗೇ ನಗ್ತಿದಾನೆ. ತಡಿ." ಮಾವ ಜೇಬಿನಿಂದ ಕಣ್ಣು ನೋಡುವ ಟಾರ್ಚು ತೆಗೆದು ನನ್ನ ರೆಪ್ಪೆ ಎತ್ತಿ ಬೆಳಕು ಬಿಟ್ಟರು. "ನೋಡು, ಹೆಂಗೆ ಹೊಳೀತಿದೆ!"

"ಅತ್ತಿದಾನೆ, ಅದಕ್ಕೆ ಹೊಳೀತಿದೆ."

"ಅತ್ತಿದ್ರೆ ಕೆಂಪಗಿರ್ತಿತ್ತು. ಮೂವತ್ತು ವರ್ಷದಿಂದ ಕಣ್ಣು ನೋಡ್ತಿದೀನಿ ನಾನು."

"ಒಂದು ತಿಂಗಳಿಂದ ಇವನ ವೇಷ ನೋಡ್ತಿದೀನಿ ನಾನು."

ಸಾರು ಆರಿತು. ಇಬ್ಬರೂ ಜಗಳ ನಿಲ್ಲಿಸಲಿಲ್ಲ. ನಾನು ಎರಡನೇ ಸಲ ಬಡಿಸಿಕೊಂಡೆ, ಮಜ್ಜಿಗೆಯನ್ನೂ ಮುಗಿಸಿದೆ. ಕೊನೆಗೆ ಅತ್ತೆ ತಾಳ್ಮೆಗೆಟ್ಟು ನನ್ನ ಗಲ್ಲ ಹಿಡಿದರು.

"ಬಾಯಲ್ಲಿ ಏನೋ ಇಟ್ಕೊಂಡಿದೀಯ ಕಣೋ ನೀನು. ತೆಗಿ ಬಾಯಿ!"

ತೆಗೆದು ತೋರಿಸಿದೆ. ಮಾವ ಟಾರ್ಚು ಬಿಟ್ಟು ಒಳಗೆಲ್ಲ ನೋಡಿದರು.

"ಏನೂ ಇಲ್ವಲ್ಲೇ" ಅಂದರು.